ಹೇವರ್ಡಿನಲ್ಲಿ ಕಾಯುತ್ತಿರುವ ತಂಬಿಗೆ

ಅಮೆರಿಕಕ್ಕೆ ಬಂದ ಮೂರನೆಯ ದಿನ ಬೆಳಗ್ಗೆ, ಕೆಂಪು ಮುಖದ ಒಬ್ಬ ಮುದುಕರ ಹಜಾರದಲ್ಲಿ ನಾನು ಕನ್ನಡ ಅಕ್ಷರ ಓದಿದೆ. ಕಾಗದದ ಮೇಲಲ್ಲ, ಹಿತ್ತಾಳೆ ತಂಬಿಗೆಯ ಮೇಲೆ. ಬೆಂಕಿಗೂಡಿನ ಮೇಲಿನ ಹಲಗೆಯಲ್ಲಿ, ಯೇಸುವಿನ ಪಟಕ್ಕೂ ನಿಂತುಹೋದ ಒಂದು ಗಡಿಯಾರಕ್ಕೂ ನಡುವೆ ಅದು ಕೂತಿತ್ತು. ನಮ್ಮ ಕಡೆ ಊಟದ ಎಲೆಯ ಪಕ್ಕ ನೀರು ತುಂಬಿಸಿ ಇಡುತ್ತಿದ್ದಂಥ ತಂಬಿಗೆ. ಕುತ್ತಿಗೆ ಸಣ್ಣ, ಹೊಟ್ಟೆ ದುಂಡು. ಕುತ್ತಿಗೆಯ ಕೆಳಗೆ ಚುಕ್ಕಿ ಚುಕ್ಕಿಯಾಗಿ ಹೊಡೆದ ಒಂದು ಹೆಸರು. ಅರ್ಧ ಸವೆದಿತ್ತು, ಆದರೂ ಕನ್ನಡವೇ. ವಿಮಾನದ ಆಯಾಸಕ್ಕೆ ಕಣ್ಣಿಗೆ ಏನೇನೋ ಕಾಣುತ್ತಿದೆ ಎಂದುಕೊಂಡು ಕನ್ನಡಕ ಒರೆಸಿ ಮತ್ತೆ ನೋಡಿದೆ. ಹೆಸರು ಅಲ್ಲೇ ಇತ್ತು. ಗಟ್ಟಿಯಾಗಿ ಓದಿಬಿಟ್ಟೆ.

ಮುದುಕರು ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟರು. “ಏನೆಂದಿರಿ?”

ಮತ್ತೊಮ್ಮೆ ಓದಿದೆ. ಅವರ ಮುಖ ಮೊದಲು ಅರಳಿತು, ಆಮೇಲೆ ಇಳಿದುಹೋಯಿತು. “ಅಲ್ಲ,” ಎಂದರು. “ಅದು ಅವನ ಹೆಸರಲ್ಲ.”

ಮನೆ ಯಜಮಾನರಿಗೆ ಪರಿಚಯ ಹೇಳಿ ಬರೋಣ ಎಂದು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದ ನನ್ನ ತಂಗಿ ಶಾರದಾ ಮೊಣಕೈ ತಿವಿದಳು. “ಬಂದು ಬ್ಯಾಗು ಬಿಚ್ಚಲಿಲ್ಲ, ಆಗಲೇ ಅವರ ಸಾಮಾನು ತಪಾಸಣೆ ಶುರು ಮಾಡಿದೆಯಾ? ಇದು ನಿನ್ನ ವಾರ್ಡ್ ಅಲ್ಲ ಅಕ್ಕ.”

ವಾರ್ಡ್ ಎಂದು ಅವಳು ಅಣಕಿಸಿದ್ದಕ್ಕೆ ಕಾರಣವಿದೆ. ಉಡುಪಿಯ ಕಡೆಯ ಒಂದು ಮಿಷನ್ ಆಸ್ಪತ್ರೆಯಲ್ಲಿ ನಾನು ನರ್ಸಾಗಿ ಸೇರಿ, ದಾದಿಯರ ಮೇಲ್ವಿಚಾರಕಿಯಾಗಿ ನಿವೃತ್ತಳಾದವಳು. ಮದುವೆಯಾಗಲಿಲ್ಲ. ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು, ಗಂಟೆಯ ಸದ್ದಿಗೆ ಮಲಗಿ ಬದುಕಿದೆ. ಅದರಲ್ಲಿ ನನಗೆ ಯಾವ ಕೊರತೆಯೂ ಕಾಣಲಿಲ್ಲ. ಶಾರದಾ ಕೂಡ ನರ್ಸೇ. ಅವಳು ಪ್ರಾಯದಲ್ಲೇ ಇಲ್ಲಿಗೆ ಬಂದಳು, ಇಲ್ಲಿಯವಳಾದಳು, ನಾನೂ ಇಲ್ಲಿ ಬಂದು ನೆಲೆಸಲು ಅರ್ಜಿ ಹಾಕಿದಳು. ಒಡಹುಟ್ಟಿದವರ ಸರದಿ ಇಲ್ಲಿ ಎಷ್ಟು ನಿಧಾನವೆಂದರೆ, ಅರ್ಜಿ ಹಾಕಿದಾಗ ಕಪ್ಪಗಿದ್ದ ನನ್ನ ಕೂದಲು ಕರೆ ಬರುವಷ್ಟರಲ್ಲಿ ಪೂರ್ತಿ ಬೆಳ್ಳಗಾಗಿತ್ತು. ಅವಳ ಗಂಡ ತೀರಿಕೊಂಡಿದ್ದರು. ಮಕ್ಕಳಿಲ್ಲ. ಕಣ್ಣಿನ ಒತ್ತಡ ಹೆಚ್ಚಾಗಿ ದೃಷ್ಟಿ ಅಂಚಿನಿಂದ ಕಿರಿದಾಗುತ್ತಾ ಬಂದು, ಕಾರು ಓಡಿಸಬಾರದು ಎಂದು ಡಾಕ್ಟರು ಹೇಳಿದ್ದರು. ಕಾರು ಓಡಿಸಲು ಬಾರದವರು ಈ ದೇಶದಲ್ಲಿ ಕಾಲಿಲ್ಲದವರ ಹಾಗೆ. ಅವಳ ಕಣ್ಣಿಗೆ ಒಂದು ವ್ಯವಸ್ಥೆ ಮಾಡಿ, ಮನೆಗೆ ಒಂದು ಶಿಸ್ತು ತಂದು, ವಾಪಸು ಹೋಗುವುದೆಂದು ನಾನು ಬಂದದ್ದು. ಉಡುಪಿಯಲ್ಲಿ ವಯಸ್ಸಾದ ಹೆಂಗಸರ ವಸತಿಗೃಹದಲ್ಲಿ ನನ್ನ ಕೋಣೆಯನ್ನು ಕಾದಿರಿಸಿಯೇ ಹೊರಟಿದ್ದೆ.

ಹೇವರ್ಡ್ ಎಂಬ ಈ ಊರು ಸ್ಯಾನ್ ಫ್ರಾನ್ಸಿಸ್ಕೋದ ಕೊಲ್ಲಿಯ ಪೂರ್ವ ದಡದಲ್ಲಿದೆ. ಕೊಲ್ಲಿಯ ಸುತ್ತಲಿನ ಊರುಗಳನ್ನೆಲ್ಲ ಒಟ್ಟಿಗೆ ಸೇರಿಸಿ ಇಲ್ಲಿಯವರು ಬೇ ಏರಿಯಾ ಎನ್ನುತ್ತಾರೆ. ಕರಾವಳಿಯಲ್ಲಿ ಹುಟ್ಟಿದ ನನಗೆ ಸಮುದ್ರದ ಪಕ್ಕ ಎಂದಾಗ ಸಮಾಧಾನವಾಗಿತ್ತು. ಬಂದು ನೋಡಿದರೆ ಇಲ್ಲಿಯ ಸಮುದ್ರಕ್ಕೆ ಬೆವರೇ ಇಲ್ಲ. ನಮ್ಮಲ್ಲಿ ಮಳೆ ಬಂದಾಗ ಗುಡ್ಡ ಹಸಿರಾಗುವುದು, ಬೇಸಗೆ ಎಂದರೆ ಸೆಕೆ. ಇಲ್ಲಿ ಬೇಸಗೆಯಲ್ಲಿ ಗುಡ್ಡವೆಲ್ಲ ಒಣಹುಲ್ಲಿನ ಬಣ್ಣ, ಆದರೂ ಸಂಜೆಯಾದರೆ ಸ್ವೆಟರು ಬೇಕು.

ನಾವಿದ್ದದ್ದು ಮುದುಕರ ಮನೆಯ ಹಿತ್ತಲಿನ ಪುಟ್ಟ ಮನೆಯಲ್ಲಿ. ಅಂಥ ಮನೆಗೆ ಇಲ್ಲಿ ಇನ್-ಲಾ ಯೂನಿಟ್ ಎನ್ನುತ್ತಾರೆ. ಅಂದರೆ ಅತ್ತೆ ಮಾವಂದಿರಿಗಾಗಿ ಕಟ್ಟಿಸಿದ್ದು. ನಮ್ಮಲ್ಲಿ ಅತ್ತೆ ಒಳಗಿದ್ದು ಸೊಸೆಗೆ ಜಾಗ ಬಿಡುವುದಿಲ್ಲ, ಇಲ್ಲಿ ಅತ್ತೆಯನ್ನು ಹಿತ್ತಲಿಗೆ ಕಳಿಸಿ ಬಾಗಿಲು ಹಾಕುತ್ತಾರೆ. ಯಾವುದು ಹೆಚ್ಚು ನೆಮ್ಮದಿ ಎಂದು ಎರಡೂ ಗೊತ್ತಿಲ್ಲದ ನಾನು ಹೇಳಲಾರೆ. ಕಸಕ್ಕೆ ಮೂರು ಬಣ್ಣದ ಡಬ್ಬಿಗಳಿವೆ, ಯಾವ ಕಸ ಯಾವುದಕ್ಕೆ ಎಂಬ ನಿಯಮವಿದೆ. ಅದೊಂದು ನನಗೆ ಬಂದ ದಿನದಿಂದಲೇ ಹಿಡಿಸಿತು. ಮಿಲ್ಪಿಟಾಸ್ ಎಂಬ ಊರಿನ ಅಂಗಡಿಯಲ್ಲಿ ನಮ್ಮ ಕೆಂಪು ಕುಚ್ಚಲಕ್ಕಿ ಸಿಗುತ್ತದೆ. ಬಸ್ಸು ಬದಲಾಯಿಸಿ, ರೈಲು ಹಿಡಿದು, ಒಬ್ಬಳೇ ಹೋಗಿ ಆ ಅಕ್ಕಿ ಹೊತ್ತು ತಂದ ದಿನ ಶಾರದಾ ಬಾಗಿಲಲ್ಲೇ ನಿಂತಿದ್ದಳು. “ಪೊಲೀಸರಿಗೆ ಫೋನ್ ಮಾಡುವುದೊಂದು ಬಾಕಿ ಇತ್ತು,” ಎಂದಳು. ಆಮೇಲೆ ಇಬ್ಬರೂ ಗಂಜಿ ಉಂಡೆವು. ಅವತ್ತಿನಷ್ಟು ಗೆದ್ದೆ ಎನಿಸಿದ್ದು ಮತ್ತೆ ಇಲ್ಲ.

ತಂಬಿಗೆಗೆ ಬರುತ್ತೇನೆ.

ಮುದುಕರ ಹೆಸರು ಡೆನಿಸ್. ಎಂಬತ್ತು ದಾಟಿ ಬಹಳ ವರ್ಷವಾಗಿತ್ತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟ್ರಾಮು ಓಡಿಸಿ ನಿವೃತ್ತರಾದವರು. ಹುಟ್ಟಿದ್ದು ಇಲ್ಲೇ, ಆದರೆ ಯಾರಾದರೂ ಕೇಳಿದರೆ “ನಾವು ಐರ್ಲೆಂಡಿನವರು” ಎನ್ನುತ್ತಿದ್ದರು. ಆ ದೇಶಕ್ಕೆ ಹೋದದ್ದು ಒಂದೇ ಸಲ. ನಾನು ಓದಿದ ಹೆಸರನ್ನು ಅವರು ಒಪ್ಪದಿದ್ದಾಗ ನನಗೆ ಸಿಟ್ಟು ಬಂತು. ಓದಲು ಬರುವುದು ನನಗೆ, ಅಲ್ಲ ಎನ್ನುವುದು ಇವರು. ಮರುದಿನ ಮತ್ತೆ ಹೋಗಿ ಹೇಳಿದೆ: “ಇದು ಹೆಂಗಸಿನ ಹೆಸರು. ನಮ್ಮಲ್ಲಿ ಪಾತ್ರೆಯ ಮೇಲೆ ಹೆಸರು ಹೊಡೆಸುವ ಪದ್ಧತಿ ಉಂಟು. ಹತ್ತು ಮನೆಯ ಪಾತ್ರೆ ಸೇರಿ ಮದುವೆ ಊಟ ನಡೆಯುವುದು, ಯಾರ ಪಾತ್ರೆ ಯಾರ ಮನೆಗೆ ಹೋಗಬೇಕು ಎಂದು ಗೊತ್ತಾಗಬೇಕಲ್ಲ. ಮಗಳಿಗೆ ತವರಿನಿಂದ ಕೊಟ್ಟ ಪಾತ್ರೆಯ ಮೇಲೆ ಅವಳ ಹೆಸರೇ ಇರುವುದು. ನೀವು ಹೇಳುವ ಗಂಡಸು ಯಾರೋ, ಇದು ಅವನ ತಾಯಿಯದೋ ಹೆಂಡತಿಯದೋ ಆಗಿರಬೇಕು.”

ಅವರು ತಂಬಿಗೆಯನ್ನು ಕೈಗೆತ್ತಿಕೊಂಡು ಆ ಚುಕ್ಕಿಗಳ ಮೇಲೆ ಬೆರಳಾಡಿಸಿದರು. “ಹೆಂಡತಿ ಇದ್ದಾಳೆ ಅಂತ ಅವನು ನಮ್ಮ ಅಜ್ಜಿಗೆ ಹೇಳಿರಲಿಲ್ಲ,” ಎಂದರು ಕೊನೆಗೆ. “ಕೂತುಕೊಳ್ಳಿ ಸಿಸ್ಟರ್.”

ಅವರು ಹೇಳಿದ ಕಥೆ ಇಷ್ಟು. ಡೆನಿಸರ ಅಜ್ಜ ಐರ್ಲೆಂಡಿನಲ್ಲಿ ಇಂಗ್ಲಿಷರ ವಿರುದ್ಧ ಬಂದೂಕು ಹಿಡಿದವನು. ಜೈಲಿನಿಂದ ತಪ್ಪಿಸಿಕೊಂಡು, ಹಡಗಿನಲ್ಲಿ ಕಲ್ಲಿದ್ದಲು ತುಂಬುತ್ತಾ ಸ್ಯಾನ್ ಫ್ರಾನ್ಸಿಸ್ಕೋ ಸೇರಿದ. ಅಲ್ಲಿ ಅವನಂಥವರೇ ತುಂಬ ಇದ್ದರು. ಹಗಲು ಬಂದರಿನಲ್ಲಿ ಮೂಟೆ ಹೊರುವುದು, ಸಂಜೆ ಅಡುಗೆಮನೆಯಲ್ಲಿ ಕೂತು ಊರಿನ ಹೋರಾಟಕ್ಕೆ ಹಣ, ಆಯುಧ ಹೊಂದಿಸುವುದು. ಅಜ್ಜಿ ಬಾಡಿಗೆಗೆ ಕೋಣೆಗಳನ್ನು ಕೊಡುತ್ತಿದ್ದಳು. ಅದೇ ಕಾಲಕ್ಕೆ ನಮ್ಮ ದೇಶದ ಹುಡುಗರೂ ಇಲ್ಲಿದ್ದರು. ಓದಲು ಬಂದವರು, ತೋಟಗಳಲ್ಲಿ ಹಣ್ಣು ಕೀಳಲು ಬಂದವರು; ಬ್ರಿಟಿಷರನ್ನು ಓಡಿಸುತ್ತೇವೆಂದು ಇಲ್ಲಿಂದಲೇ ಸಂಘ ಕಟ್ಟಿದವರು. ಅವರಿಗೆ ಈ ಊರಿನಲ್ಲಿ ಕೋಣೆ ಕೊಡುವವರು ಇರಲಿಲ್ಲ. ಡೆನಿಸರ ಅಜ್ಜಿ ಮಾಳಿಗೆಯ ಕೋಣೆ ಕೊಟ್ಟಳು. ಇಬ್ಬರ ಶತ್ರುವೂ ಒಬ್ಬನೇ ಎಂಬುದಷ್ಟೇ ಅವಳಿಗೆ ಸಾಕಾಗಿತ್ತು.

ಅಲ್ಲಿ ಬಂದು ಉಳಿದವರಲ್ಲಿ ಒಬ್ಬ ಹುಡುಗ ಮಾಂಸ ಮುಟ್ಟುತ್ತಿರಲಿಲ್ಲ. ಅಜ್ಜಿ ಅವನಿಗಾಗಿ ಬೇರೆ ಪಾತ್ರೆಯಲ್ಲಿ ಆಲೂಗಡ್ಡೆ ಬೇಯಿಸುತ್ತಿದ್ದಳಂತೆ. ಅವನು ಈ ತಂಬಿಗೆಯಿಂದ ನೀರನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುತ್ತಿದ್ದ. ಮನೆಯ ಮಕ್ಕಳೆಲ್ಲ ಅದನ್ನು ಆಟದ ಹಾಗೆ ಕಲಿತರು, ಅವರಿಂದ ಅವರ ಮಕ್ಕಳು. ಹೀಗೆ ಹೇಳುತ್ತಾ ಡೆನಿಸ್ ಮೇಜಿನ ಮೇಲಿದ್ದ ಲೋಟ ಎತ್ತಿ, ತಲೆ ಹಿಂದಕ್ಕೆ ಬಾಗಿಸಿ, ಒಂದು ಹನಿ ಚೆಲ್ಲದೆ ನೀರು ಕುಡಿದು ತೋರಿಸಿದರು. ಉಡುಪಿಯಲ್ಲಿ ಈಗಿನ ಮಕ್ಕಳಿಗೆ ಹಾಗೆ ಕುಡಿಯಲು ಬರುವುದಿಲ್ಲ.

ಮೊದಲ ಮಹಾಯುದ್ಧ ಶುರುವಾದಾಗ ಹುಡುಗ ಊರಿಗೆ ಹೊರಟ. ಹಡಗಿನಲ್ಲಿ ಯಾರಿಗೂ ಗುರುತು ಸಿಗಬಾರದೆಂದು ಎಲ್ಲವನ್ನೂ ಬಿಟ್ಟು, ತಂಬಿಗೆಯನ್ನು ಅಜ್ಜಿಯ ಕೈಗೆ ಕೊಟ್ಟ. “ಇಲ್ಲಿಗೇ ವಾಪಸು ಬಂದು ತಗೊಂಡು ಹೋಗ್ತೇನೆ. ನಾನು ಬಾರದಿದ್ದರೆ ನಮ್ಮವರು ಯಾರಾದರೂ ಬರುತ್ತಾರೆ,” ಎಂದ. ಅವನು ಬರಲಿಲ್ಲ. ಬಂದದ್ದು ಬೇರೆ ಯಾರೋ. ಸೋದರಸಂಬಂಧಿಗಳು ಎಂದು ಹೇಳಿಕೊಂಡು, ಬಾಗಿಲಲ್ಲಿ ನಿಂತು ಒಂದೊಂದೇ ಹೆಸರು ಹೇಳುತ್ತಾ ಅಜ್ಜಿಯ ಮುಖ ಓದಲು ನೋಡಿದ ಬೇಹುಗಾರರು. ಅಂದಿನಿಂದ ಅವಳು ಒಂದು ನಿಯಮ ಮಾಡಿದಳು. ತಂಬಿಗೆ ಕೇಳಿ ಬಂದವರು ತಾವಾಗಿ ಆ ಹುಡುಗನ ಹೆಸರು ಹೇಳಬೇಕು, ಒಂದೇ ಸಲ. ಹೆಸರನ್ನು ಮನೆಯಲ್ಲಿ ಒಬ್ಬರಿಗೆ ಮಾತ್ರ ಬಾಯಲ್ಲಿ ಹೇಳಬೇಕು, ಬರೆಯಕೂಡದು. ತಂಬಿಗೆ ಈ ಕೊಲ್ಲಿಯನ್ನು ಬಿಟ್ಟು ಹೋಗಕೂಡದು. ಇಲ್ಲಿಗೇ ಬರುತ್ತೇನೆ ಎಂದಿದ್ದಾನಲ್ಲ. ಅಜ್ಜಿ ಆ ಹೆಸರನ್ನು ಡೆನಿಸರಿಗೆ ಹೇಳಿದ್ದಳು. ಈಗ ಅದು ಗೊತ್ತಿದ್ದವರು ಭೂಮಿಯ ಮೇಲೆ ಅವರೊಬ್ಬರೇ.

“ನನಗೆ ಇನ್ನು ಹೆಚ್ಚು ಸಮಯವಿಲ್ಲ,” ಎಂದರು. “ನಾನು ಹೋಗುವ ಮುಂಚೆ ಅವನ ಮನೆಯವರ ಕೈಗೆ ಇದನ್ನು ಕೊಡಬೇಕು. ನೀವು ಅದೇ ಭಾಷೆಯವರು. ಹುಡುಕಿ ಕೊಡಿ.”

“ಹೆಸರು ಹೇಳಿ, ಹುಡುಕುತ್ತೇನೆ.”

“ಹೆಸರು ಹೇಳಿದರೆ ಯಾರು ಬೇಕಾದರೂ ಬರಬಹುದು.”

“ಹೇಳದಿದ್ದರೆ ಯಾರೂ ಬರಲಿಕ್ಕಿಲ್ಲ.”

ಅವರು ನಕ್ಕರು. ನಾನು ನಿಯಮಕ್ಕೆ ಬೆಲೆ ಕೊಡುವವಳು, ಹಾಗಾಗಿ ಮತ್ತೆ ಒತ್ತಾಯಿಸಲಿಲ್ಲ. ಆದರೆ ಪ್ರತಿ ಶನಿವಾರ ಅವರು ತಂಬಿಗೆಗೆ ಪಾಲಿಶ್ ಹಚ್ಚಿ ಉಜ್ಜುತ್ತಾರೆಂದು ತಿಳಿದಾಗ ಬಟ್ಟೆಯನ್ನು ಕೈಯಿಂದ ಕಿತ್ತುಕೊಂಡೆ. ಆ ಚುಕ್ಕಿಗಳನ್ನು ಅವರ ಮನೆಯವರು ಅಲಂಕಾರದ ಚಿತ್ತಾರ ಎಂದುಕೊಂಡಿದ್ದರಂತೆ; ಡೆನಿಸರು ಮಾತ್ರ ಹುಡುಗನ ಹೆಸರಿರಬಹುದೆಂದು ಊಹಿಸಿದ್ದರು. ಅಜ್ಜಿ, ಅವಳ ಮಗ, ಈಗ ಮೊಮ್ಮಗ, ಮೂರು ತಲೆಮಾರು ಭಕ್ತಿಯಿಂದ ಉಜ್ಜಿ ಉಜ್ಜಿ ಆ ಹೆಂಗಸಿನ ಹೆಸರಿನ ಮೊದಲ ಅಕ್ಷರವನ್ನು ಹೆಚ್ಚುಕಡಿಮೆ ಅಳಿಸಿಬಿಟ್ಟಿದ್ದರು.

ಹುಡುಕಿದೆ. ಹೇಗೆ ಹುಡುಕುವುದು ಎಂದು ಗೊತ್ತಿಲ್ಲದೆಯೇ ಹುಡುಕಿದೆ. ಊರಿನಲ್ಲಿ ಪರಿಚಯದ ಹಳಬರಿಗೆಲ್ಲ ಫೋನ್ ಮಾಡಿದೆ. ಅಮೆರಿಕಕ್ಕೆ ಹೋಗಿ ಹಿಂದಿರುಗದವರು ಯಾರಾದರೂ ಹಳೇ ಕಾಲದಲ್ಲಿ ಇದ್ದರಾ ಎಂದರೆ, “ಈಗ ಹೋದವರೇ ಹಿಂದಿರುಗುವುದಿಲ್ಲ, ಹಳಬರದ್ದು ಎಂತ ಕೇಳ್ತೀರಿ?” ಎಂದರು. ಸನ್ನಿವೇಲ್‌ನ ದೇವಸ್ಥಾನಕ್ಕೆ ಭಾನುವಾರಗಳಲ್ಲಿ ಹೋಗಿ, ಪ್ರಸಾದದ ಸಾಲಿನಲ್ಲಿ ಕನ್ನಡ ಕೇಳಿಸಿದ ಕಡೆಯೆಲ್ಲ ನಿಂತು ವಿಚಾರಿಸಿದೆ. ಬೆಂಗಳೂರು, ಮೈಸೂರಿನ ಮಕ್ಕಳು ಬಹಳ ಮರ್ಯಾದೆಯಿಂದ ಕೇಳಿಸಿಕೊಂಡರು. “ಆಂಟಿ, ಒಂದು ಫೋಟೋ ತೆಗೆದು ಗ್ರೂಪಲ್ಲಿ ಹಾಕಿಬಿಡಿ,” ಎಂದರು. ತಂಬಿಗೆಯ ಮೇಲಿನ ಹೆಸರು ಕೂಡ ಹೊರಗೆ ಬೀಳಬಾರದು ಎಂದು ವಿವರಿಸುವಷ್ಟರಲ್ಲಿ ಅವರ ಸಾಲು ಮುಂದಕ್ಕೆ ಹೋಗಿರುತ್ತಿತ್ತು.

ಶಾರದಾಳಿಗೆ ಇದೆಲ್ಲ ತಮಾಷೆ. “ಹೆಸರಿಲ್ಲದ ಪೇಶಂಟಿನ ಸಂಬಂಧಿಕರನ್ನು ಹುಡುಕ್ತಾ ಇದ್ದಾಳೆ ನಮ್ಮ ಮೇಡಮ್ಮು. ಕಣ್ಣು ಹೋಗ್ತಾ ಇರುವುದು ನನ್ನದು, ಕಾಣದೆ ತಡಕಾಡುವುದು ನೀನು.”

“ನಿನ್ನ ಕಣ್ಣಿನ ಹನಿ ಹಾಕಿಕೊಂಡೆಯಾ?”

“ಮಾತು ತಪ್ಪಿಸಬೇಡ ಅಕ್ಕ.”

ಕೊನೆಗೊಬ್ಬರು ಸಿಕ್ಕರು. ಪ್ರಸನ್ನ ಎಂಬ ಎಂಜಿನಿಯರು, ಮೈಸೂರಿನ ಕಡೆಯವರು, ಐವತ್ತರ ಆಸುಪಾಸು. ಅವರ ಮುತ್ತಜ್ಜ ಓದಲು ಅಮೆರಿಕಕ್ಕೆ ಹೋಗಿ ಕಾಣೆಯಾದವರಂತೆ. ಮುತ್ತಜ್ಜಿ ಸಾಯುವವರೆಗೂ ಕುಂಕುಮ ಬಿಡಲಿಲ್ಲವಂತೆ. ಮಾಂಸ ತಿನ್ನದ ಮನೆತನ. ಕಾಲವೂ ಹೊಂದುತ್ತಿತ್ತು. ಅವರನ್ನು ಡೆನಿಸರ ಹಜಾರಕ್ಕೆ ಕರೆತಂದೆ. ಒಂದೇ ಹೆಸರು, ಒಂದೇ ಸಲ ಎಂದು ದಾರಿಯಲ್ಲೇ ತಿಳಿಸಿದ್ದೆ. ಹಾಗಾಗಿ ಅವರು ಊರಿನಲ್ಲಿದ್ದ ತಮ್ಮ ದೊಡ್ಡಪ್ಪನಿಗೆ ಮತ್ತೆ ಮತ್ತೆ ಫೋನ್ ಮಾಡಿ, ಮುತ್ತಜ್ಜನ ಪೂರ್ತಿ ಹೆಸರನ್ನು ಗಟ್ಟಿ ಮಾಡಿಕೊಂಡು ಬಂದಿದ್ದರು. ಬರುವಾಗ ಹಣ್ಣು ತಂದಿದ್ದರು. ಷರ್ಟು ಇಸ್ತ್ರಿ ಮಾಡಿದ್ದು.

ಡೆನಿಸ್ ಕುರ್ಚಿಯಿಂದ ಎದ್ದು ನಿಂತರು. ನಿಲ್ಲಬೇಡಿ ಎಂದರೂ ಕೇಳಲಿಲ್ಲ. ಪ್ರಸನ್ನ ತಂಬಿಗೆಯನ್ನು ದೂರದಿಂದ ನೋಡಿ, ಚಪ್ಪಲಿ ಬಿಚ್ಚಿ, ಹೆಸರು ಹೇಳಿದರು.

ಡೆನಿಸ್ ಕಣ್ಣು ಮುಚ್ಚಿಕೊಂಡರು. ಅಲ್ಲ ಎಂದು ತಲೆ ಅಲ್ಲಾಡಿಸಿದರು.

“ಸರ್, ಇನ್ನೊಂದು ಹೆಸರಿತ್ತು ಅವರಿಗೆ. ಮನೆಯಲ್ಲಿ ಕರೆಯೋದು...”

“ಕ್ಷಮಿಸಿ,” ಎಂದರು ಡೆನಿಸ್. “ನಿಜವಾಗಿಯೂ ಕ್ಷಮಿಸಿ.”

ಪ್ರಸನ್ನ ಹಣ್ಣಿನ ಚೀಲವನ್ನು ಮೇಜಿನ ಮೇಲಿಟ್ಟು ಹೊರಗೆ ಬಂದರು. ಕಾರಿನ ಬಾಗಿಲು ಹಿಡಿದುಕೊಂಡು ನಿಂತವರು ನನಗೆ ಹೇಳಿದರು: “ಆಂಟಿ, ನಮ್ಮ ದೊಡ್ಡಪ್ಪ ಫೋನಲ್ಲಿ ಕಾಯ್ತಾ ಇದ್ದಾರೆ. ಅವರಿಗೆ ಏನಂತ ಹೇಳಲಿ? ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಆರಾಮಾಗಿದ್ದರು.” ಒಬ್ಬರ ಮನೆಯ ಆರಿದ ಬೂದಿಯನ್ನು ಕೆದಕಿ, ಬೆಂಕಿ ಕೊಡದೆ ಕಳಿಸಿದ್ದೆ. ಅವತ್ತಿನ ನಂತರ ನಾನು ದೇವಸ್ಥಾನದ ಸಾಲಿನಲ್ಲಿ ಯಾರನ್ನೂ ನಿಲ್ಲಿಸಿ ಕೇಳಲಿಲ್ಲ.

ಚಳಿಗಾಲ ಮುಗಿಯುವ ಹೊತ್ತಿಗೆ ಡೆನಿಸರ ಹೃದಯ ಸೋತಿತು. ಆಸ್ಪತ್ರೆಯವರು ಮನೆಗೆ ಕಳಿಸಿದರು. ಗುಣಪಡಿಸುವ ಚಿಕಿತ್ಸೆ ನಿಲ್ಲಿಸಿ, ನೋವಿಲ್ಲದೆ ಮನೆಯಲ್ಲೇ ಸಾಯಲು ಬಿಡುವ ಆರೈಕೆಗೆ ಇಲ್ಲಿ ಹಾಸ್ಪಿಸ್ ಎನ್ನುತ್ತಾರೆ. ಬರುವ ದಾದಿಯರು ಒಳ್ಳೆಯವರು, ಆದರೆ ಬಂದು ಹೋಗುವವರು. ಉಳಿದ ಹೊತ್ತಿನ ಕೆಲಸ ನಾನು ವಹಿಸಿಕೊಂಡೆ. ಬೆಳಗ್ಗೆ ಮುಖ ಒರೆಸುವುದು, ಬಾಯಿ ಸ್ವಚ್ಛ ಮಾಡುವುದು, ಮಗ್ಗುಲು ಬದಲಿಸುವುದು, ತೆಳ್ಳನೆಯ ಗಂಜಿಯನ್ನು ಉಪ್ಪು ಹಾಕಿ ಚಮಚದಲ್ಲಿ ಕುಡಿಸುವುದು. ಗಂಜಿ ಅವರಿಗೆ ಇಷ್ಟವಾಗಿತ್ತು. “ಇದು ಬಡವರ ಊಟ ಅಲ್ಲವೆ? ನಮ್ಮದೂ ಹೀಗೇ ಇತ್ತು,” ಎನ್ನುತ್ತಿದ್ದರು.

ಮಗಳು ಮೊರೀನ್ ಬೇರೆ ಊರಿನಿಂದ ಬಂದು ಉಳಿದಳು. ಅರವತ್ತರ ಹತ್ತಿರದ ಹೆಂಗಸು, ಗಡಿಬಿಡಿಯವಳು, ಕೆಟ್ಟವಳಲ್ಲ. ಮನೆಯ ಸಾಮಾನನ್ನು ರಟ್ಟಿನ ಪೆಟ್ಟಿಗೆಗಳಿಗೆ ತುಂಬಲು ಶುರುಮಾಡಿದಳು, ತಂದೆ ಒಳಗೆ ಉಸಿರಾಡುತ್ತಿರುವಾಗಲೇ. ನನಗೆ ಅದು ಅಸಹ್ಯವೆನಿಸಿತು. ಆಮೇಲೆ, ನಮ್ಮಲ್ಲಿ ಇದನ್ನೇ ಹದಿಮೂರರ ನಂತರ ಜಗಳವಾಡುತ್ತಾ ಮಾಡುತ್ತೇವಲ್ಲ ಎಂದು ನೆನಪಾಗಿ ಸುಮ್ಮನಾದೆ. ಒಂದು ಮಧ್ಯಾಹ್ನ ಅವಳು ತಂಬಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಗೆ ಬಂದಳು.

“ಇದರ ಒಡೆಯನ ಹೆಸರು ಅಪ್ಪ ನಿಮಗೆ ಹೇಳಿದ್ದಾರಾ?”

“ಇಲ್ಲ.”

“ನನಗೂ ಇಲ್ಲ. ಒಂದು ಸಲ ಹೇಳಲು ಬಂದರು. ಫೋನಲ್ಲಿ ಬರೆದಿಟ್ಟುಕೊಳ್ತೇನೆ ಅಪ್ಪ, ಮರೆತುಹೋಗುತ್ತೆ ಅಂದೆ. ಅಷ್ಟಕ್ಕೇ ಬಾಯಿ ಮುಚ್ಚಿದರು.” ತಂಬಿಗೆಯನ್ನು ಮೇಜಿನ ಮೇಲೆ ಕುಕ್ಕಿದಳು. “ನಾನು ಹದಿನೇಳರಲ್ಲಿ ಮನೆ ಬಿಟ್ಟು ಹೋದಾಗ ಹುಡುಕಿಕೊಂಡು ಬರಲಿಲ್ಲ ಇವರು. ಮನೆಯಲ್ಲಿ ತಂಬಿಗೆ ಕಾಯಬೇಕಿತ್ತಲ್ಲ. ಈ ಪಾತ್ರೆಗೆ ಸಿಕ್ಕ ಕಾವಲು ನನಗೆ ಸಿಗಲಿಲ್ಲ.”

ನಾನು ಅವಳಿಗೆ ಚಹಾ ಮಾಡಿಕೊಟ್ಟೆ.

ಮರುದಿನ ಬೆಳಗ್ಗೆ ಡೆನಿಸರ ಮುಖ ಒರೆಸುತ್ತಿದ್ದಾಗ ಅವರು ನನ್ನ ಕೈ ಹಿಡಿದರು. “ಸಿಸ್ಟರ್, ಹೆಸರು ನಿಮಗೆ ಹೇಳುತ್ತೇನೆ.”

“ನನಗೆ ಬೇಡ,” ಎಂದೆ. “ನಾನು ಊರಿಗೆ ಹೋಗುವವಳು. ನನ್ನ ತಂಗಿಯ ಕಣ್ಣಿನ ಆಪರೇಷನ್ ಮುಗಿಯಿತು, ಇನ್ನು ಟಿಕೆಟ್ ತೆಗೆಯುವುದೇ. ನಿಮ್ಮ ಮಗಳಿಗೆ ಹೇಳಿ. ಅವಳ ಮನಸ್ಸಿನಲ್ಲಿ ನೋವಿದೆ.”

“ಗೊತ್ತು. ಅದಕ್ಕೇ ಹೇಳಲಾರೆ. ಇದರ ಮೇಲೆ ಅವಳಿಗಿರುವ ಸಿಟ್ಟಿಗೆ, ನಾನು ಹೋದ ವಾರವೇ ಹೊರಗೆ ಹಾಕುತ್ತಾಳೆ. ಹಾಕಿದರೂ ನ್ಯಾಯವೇ.” ಉಸಿರಿಗಾಗಿ ನಿಂತರು. “ನೀವು ತೆಗೆದುಕೊಂಡು ಹೋಗುವಂತಿಲ್ಲ. ಅವನು ಇಲ್ಲಿಗೆ ಬರುತ್ತೇನೆ ಎಂದದ್ದು.”

“ಅವನು ಬರುವುದಿಲ್ಲ ಡೆನಿಸ್. ಬದುಕಿದ್ದರೆ ಅವನಿಗೆ ನೂರಮೂವತ್ತು ವರ್ಷ.”

“ಅದು ನನಗೆ ಗೊತ್ತಿಲ್ಲ ಅಂದುಕೊಂಡಿರಾ?”

ಅಲ್ಲಿ ನಾನು ಸೋತೆ. ಕಾರಣ ಹೇಳುತ್ತೇನೆ. ನರ್ಸುಗಳಲ್ಲಿ ಒಂದು ಕಟ್ಟುನಿಟ್ಟಿದೆ. ಪಾಳಿ ಮುಗಿದರೂ ಮುಂದಿನ ಪಾಳಿಯವಳು ಬಂದು ಹಾಸಿಗೆಯ ಪಕ್ಕ ನಿಂತು ರೋಗಿಯನ್ನು ವಹಿಸಿಕೊಳ್ಳುವವರೆಗೆ ವಾರ್ಡ್ ಬಿಟ್ಟು ಕದಲುವಂತಿಲ್ಲ. ಬಸ್ಸು ತಪ್ಪಲಿ, ಮನೆಯಲ್ಲಿ ಸಾವಾಗಲಿ. ನನ್ನ ಕೆಳಗೆ ಕಲಿತ ಹುಡುಗಿಯರಿಗೆ ನಾನು ಬೇರೆ ಎಷ್ಟನ್ನೋ ಮನ್ನಿಸಿದ್ದೇನೆ, ಇದೊಂದನ್ನು ಮನ್ನಿಸಲಿಲ್ಲ. ಈ ಮನುಷ್ಯನ ಪಾಳಿ ಮುಗಿದಿತ್ತು. ವಹಿಸಿಕೊಳ್ಳಲು ಯಾರೂ ಇಲ್ಲದ್ದರಿಂದ ಸಾಯಲಾರದೆ ಮಲಗಿದ್ದರು. ಕೈ ಚಾಚದೆ ನಾನು ಅಲ್ಲಿಂದ ಎದ್ದು ಹೋಗುವುದು ಹೇಗೆ?

“ಹೇಳಿ,” ಎಂದೆ.

ಹೇಳಿದರು. ವಹಿಸಿಕೊಳ್ಳುವವರು ತಿರುಗಿ ಹೇಳಿ ಖಚಿತ ಮಾಡಬೇಕಲ್ಲ, ನಾನೂ ಹೇಳಿದೆ. ಅವರು ತಲೆಯಾಡಿಸಿದರು. ಆ ವಾರವೇ, ಒಂದು ಬೆಳಗ್ಗೆ ಗಂಜಿಗೆ ಬಾಯಿ ತೆರೆಯಲಿಲ್ಲ.

ಮೊರೀನ್ ತಂಬಿಗೆಯನ್ನು ತಾನಾಗಿಯೇ ತಂದು ಕೊಟ್ಟಳು. “ನಿಮ್ಮ ಕಡೆಯದು, ನಿಮ್ಮಲ್ಲೇ ಇರಲಿ,” ಎಂದಳು. ನಮ್ಮ ಕಡೆಯದು ಎನ್ನುವುದು ಅವಳಿಗೆ ಎಷ್ಟು ಸುಲಭವಾಗಿತ್ತು. ಅದರ ಮೇಲೆ ನನಗಿರುವ ಹಕ್ಕು ಅವಳಿಗಿಂತ ಒಂದು ಗುಲಗಂಜಿಯೂ ಹೆಚ್ಚಿಲ್ಲ ಎಂದು ಹೇಳಬೇಕಿತ್ತು. ಅವಳ ಕಣ್ಣು ಊದಿಕೊಂಡಿತ್ತು, ಹೇಳಲಿಲ್ಲ. ಮನೆ ಮಾರಾಟವಾಯಿತು. ನಾವು ಇದೇ ಊರಿನಲ್ಲಿ, ಬೆಟ್ಟದ ಮೇಲಿನ ಯೂನಿವರ್ಸಿಟಿಗೆ ಹೋಗುವ ರಸ್ತೆಯ ಬದಿಯ ಒಂದು ಅಪಾರ್ಟ್‌ಮೆಂಟಿಗೆ ಬಂದೆವು. ಬೆಂಕಿಗೂಡಿಲ್ಲ, ಹಲಗೆಯಿಲ್ಲ. ತಂಬಿಗೆಯನ್ನು ನನ್ನ ಮಂಚದ ಪಕ್ಕದ ಮೇಜಿನ ಮೇಲೆ ಇಟ್ಟಿದ್ದೇನೆ. ಉಜ್ಜುವುದಿಲ್ಲ. ಈಗ ಕಪ್ಪಾಗುತ್ತಿದೆ.

ಹ್ಞಾಂ, ಇನ್ನೊಂದನ್ನೂ ಹೇಳಬೇಕು. ಹೊಸ ಮನೆಗೆ ಬಂದ ಮೇಲೆ ಶಾರದಾ ಒಂದು ದಿನ ಬೆಂಡೆಕಾಯಿ ತೊಳೆಯುತ್ತಾ ಕೇಳಿದಳು: “ಅಲ್ಲ ಅಕ್ಕ, ಅವರೆಲ್ಲ ಕದ್ದು ಮುಚ್ಚಿ ಕೆಲಸ ಮಾಡುವವರು. ಪೊಲೀಸರು ಹಿಂದೆ ಬಿದ್ದವರು. ಅಂಥವರು ಬಾಡಿಗೆ ಮನೆಯಲ್ಲಿ ಸ್ವಂತ ಹೆಸರು ಹೇಳ್ತಾರಾ?”

ಅವಳು ಮುಂದುವರಿಸಿದಳು: “ಸುಳ್ಳು ಹೆಸರು ಕೊಟ್ಟಿರ್ತಾನೆ. ಆ ಅಜ್ಜಿ, ಈ ಮುದುಕ, ಈಗ ನೀನು, ಎಲ್ಲ ಸೇರಿ ಕಾಯ್ತಾ ಇರುವುದು ಯಾರದೂ ಅಲ್ಲದ ಹೆಸರು. ಯಾರಿಗೆ ಗೊತ್ತು, ಆವತ್ತು ಬಂದ ಆ ಪ್ರಸನ್ನ ಅವನ ಸ್ವಂತ ಮರಿಮಗನೇ ಇರಬಹುದು.”

ಅವಳು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಬೆಂಡೆಕಾಯಿ ಒರೆಸುತ್ತಾ ಹೇಳಿದ್ದು. ನಾನು ಕೂಡಲೇ ಒಳಗೆ ಹೋಗಿ ಫೋನ್ ತಂದೆ. ಪ್ರಸನ್ನರಿಗೆ ಫೋನ್ ಮಾಡಿದೆ. ನಿಮ್ಮ ಮುತ್ತಜ್ಜಿಯ ಹೆಸರೇನು ಎಂದು ಮಾತ್ರ ಕೇಳಿದೆ. ತಂಬಿಗೆಯ ಮೇಲಿರುವ ಹೆಸರಾದರೂ ಸುಳ್ಳಾಗಿರಲು ಸಾಧ್ಯವಿಲ್ಲವಲ್ಲ. ಅವರು ದೊಡ್ಡಪ್ಪನನ್ನು ಕೇಳಿ ತಿಳಿಸುತ್ತೇನೆಂದರು. ಎರಡು ದಿನ ಬಿಟ್ಟು ಹೇಳಿದರು: ಮನೆಯಲ್ಲಿ ಎಲ್ಲರೂ ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರಂತೆ. ಮದುವೆಯಲ್ಲಿ ಹೆಸರು ಬದಲಾಯಿಸಿದ್ದರಂತೆ. ಬದಲಾಯಿಸಿದ ಹೆಸರಾಗಲಿ, ಮೊದಲಿನದಾಗಲಿ ಯಾರಿಗೂ ನೆನಪಿಲ್ಲವಂತೆ. “ಶ್ರಾದ್ಧದಲ್ಲಿ ಹೇಳ್ತಿದ್ದರೇನೋ ಆಂಟಿ, ಅದನ್ನು ನಿಲ್ಲಿಸಿ ಎಷ್ಟೋ ವರ್ಷ ಆಯ್ತು.”

ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಊರಿನಲ್ಲಿ ಇದನ್ನು ಓದುವವರ ಮನೆಯಲ್ಲಿ, ಮೊದಲ ಮಹಾಯುದ್ಧಕ್ಕೆ ಮುಂಚೆ ಈ ಕಡೆಗೆ ಬಂದು ಹಿಂದಿರುಗದ ಯಾರಾದರೂ ಇದ್ದರೆ ನನಗೆ ತಿಳಿಸಿ. ಅವನ ಹೆಸರನ್ನು ನೀವೇ ಹೇಳಬೇಕು. ಗೊತ್ತಿಲ್ಲದಿದ್ದರೆ ಅವನ ತಾಯಿಯ ಹೆಸರು ಅಥವಾ ಹೆಂಡತಿಯ ಹೆಸರು ಹೇಳಿದರೂ ಒಪ್ಪುತ್ತೇನೆ; ಆ ಐರಿಶ್ ಅಜ್ಜಿಯ ನಿಯಮವನ್ನು ನಾನು ಇಷ್ಟು ಸಡಿಲಿಸಿದ್ದೇನೆ. ಅವನ ಹೆಸರನ್ನಾಗಲಿ ತಂಬಿಗೆಯ ಮೇಲಿನ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ತಂಬಿಗೆಯನ್ನು ಕಳಿಸಿಕೊಡುವುದೂ ಇಲ್ಲ, ನೀವೇ ಬರಬೇಕು. ಬರುತ್ತೀರಿ ಎಂಬ ಭರವಸೆ ನನಗಿಲ್ಲ. ಹೆಂಗಸರ ಹೆಸರನ್ನು ನಾವು ಪಾತ್ರೆಗಳ ಮೇಲೆ ಮಾತ್ರ ಬರೆದಿಟ್ಟವರು. ಆ ಪಾತ್ರೆಗಳನ್ನೂ ಹಳೇ ಹಿತ್ತಾಳೆಯ ತೂಕಕ್ಕೆ ಹಾಕಿದ್ದೇವೆ.

ಉಡುಪಿಯ ವಸತಿಗೃಹದವರು ಎರಡು ಸಲ ಕೇಳಿದರು, ಮೂರನೆಯ ಸಲ ನನ್ನ ಕೋಣೆಯನ್ನು ಬೇರೆಯವರಿಗೆ ಕೊಡಿ ಎಂದು ಹೇಳಿಬಿಟ್ಟೆ. ಆ ಕೋಣೆಯ ಕಿಟಕಿಯಿಂದ ಬಸ್‌ಸ್ಟ್ಯಾಂಡಿನ ಗಲಾಟೆ ಕೇಳುತ್ತಿತ್ತು. ಇಲ್ಲಿಯ ಮಂಚದಲ್ಲಿ ಎಚ್ಚರವಾದಾಗ ಮೊದಲ ಕ್ಷಣ ಆ ಗಲಾಟೆಗೆ ಕಿವಿ ಕೊಡುತ್ತೇನೆ. ಆಮೇಲೆ ಎದ್ದು ಹಾಸಿಗೆ ಸರಿ ಮಾಡುತ್ತೇನೆ. ನನ್ನ ನಂತರ ಹೆಸರನ್ನು ಯಾರಿಗೆ ಹೇಳುವುದು ಎಂದು ಯೋಚಿಸಿದರೆ ಶಾರದಾ ಒಬ್ಬಳೇ ಕಾಣುತ್ತಾಳೆ, ಅವಳೂ ಮುದುಕಿ. ದೇವಸ್ಥಾನಕ್ಕೆ ಬರುವ ಮಕ್ಕಳಿಗೆ ನಾನು ಕನ್ನಡದಲ್ಲಿ ಹೇಳಿದ್ದು ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಅವರ ಬಾಯಲ್ಲಿ ಆ ಹೆಸರು ಎಷ್ಟು ದಿನ ಉಳಿದೀತು?

ಈ ಕಟ್ಟಡದಲ್ಲಿ ನಮ್ಮ ಪರಿಚಯದವರು ಯಾರೂ ಇಲ್ಲ, ಯಾರೂ ಬರುವುದಿಲ್ಲ. ಆದರೂ ಅಪರೂಪಕ್ಕೊಮ್ಮೆ ಯಾರೋ ಬಾಗಿಲು ತಟ್ಟುತ್ತಾರೆ. ಪಾರ್ಸೆಲ್ ತಂದವರು, ಪೈಪು ನೋಡಲು ಬಂದವರು, ಮನೆ ತಪ್ಪಿ ಬಂದವರು. ತಟ್ಟಿದ ಸದ್ದಿಗೆ ಆ ಹೆಸರು ತಾನಾಗಿ ನನ್ನ ನಾಲಗೆಯ ತುದಿಗೆ ಬಂದು ನಿಲ್ಲುತ್ತದೆ. ತುಟಿ ಬಿಗಿ ಹಿಡಿದು ಹೋಗಿ ಬಾಗಿಲು ತೆರೆಯುತ್ತೇನೆ. ಮೊದಲು ಅವರು ಮಾತಾಡಲಿ ಎಂದು ಕಾಯುತ್ತೇನೆ.